ಕರೆಯದೆ ಬರುವವರಿಗೆ ತಿಂಗಳ ವರ್ತನೆ

ಪ್ರಶ್ನೆ: ನನಗೆ 34 ವರ್ಷ. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಈಗ ಸಾಗರಕ್ಕೆ ವಾಪಸ್ ಬಂದಿದ್ದೇನೆ. ನಮ್ಮ ಬೀದಿಯಲ್ಲಿ ಹೆಚ್ಚಿನ ಮನೆಗಳಲ್ಲಿ ಒಬ್ಬರೋ ಇಬ್ಬರೋ ವಯಸ್ಸಾದವರಷ್ಟೇ ಇದ್ದಾರೆ. ಮಕ್ಕಳೆಲ್ಲ ಬೆಂಗಳೂರು, ಪುಣೆ, ಅಮೆರಿಕ. ತಿಂಗಳಿಗಿಷ್ಟು ಎಂದು ಚಂದಾ ತೆಗೆದುಕೊಂಡು ಇಂಥ ಮನೆಗಳ ಸಣ್ಣಪುಟ್ಟ ರಿಪೇರಿ, ಬಿಲ್ಲು, ಬ್ಯಾಂಕು, ಆಸ್ಪತ್ರೆ ಓಡಾಟ ನೋಡಿಕೊಳ್ಳುವ ಸೇವೆ ಶುರುಮಾಡಬೇಕೆಂದಿದ್ದೇನೆ. ಸ್ನೇಹಿತರು "ನಮ್ಮೂರಲ್ಲಿ ಇದಕ್ಕೆಲ್ಲ ಯಾರೂ ತಿಂಗಳು ತಿಂಗಳು ದುಡ್ಡು ಕೊಡಲ್ಲ ಮಾರಾಯ" ಎನ್ನುತ್ತಾರೆ. ನಿಜವೇ? ಏನೇನು ಸೇರಿಸಬೇಕು, ಎಷ್ಟು ಕೇಳಬೇಕು? ತೋಟಕ್ಕೆ ಔಷಧಿ ಹೊಡೆಸುವುದನ್ನೂ ಇದರಲ್ಲೇ ಸೇರಿಸಬಹುದೇ?

ಉತ್ತರ: ನಿಮ್ಮ ಸ್ನೇಹಿತರ ಮಾತಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ತಪ್ಪು. ತಿಂಗಳ ಲೆಕ್ಕದಲ್ಲಿ ಸೇವೆ ಪಡೆಯುವುದು ನಮ್ಮ ಊರುಗಳಿಗೆ ಮೊಬೈಲಿನ ಜೊತೆ ಬಂದ ಅಭ್ಯಾಸವೇನಲ್ಲ. ಹಾಲಿನ ವರ್ತನೆ ಗೊತ್ತಲ್ಲ? ವರ್ತನೆ ಮನೆ ಎಂದರೆ ಬೆಳಗಾದರೆ ಕೇಳದೆಯೇ ಹಾಲು ಬರುವ ಮನೆ. ಯಾವ ದಿನ ಅರ್ಧ ಲೀಟರ್ ಹೆಚ್ಚು, ಯಾವ ದಿನ ಬೇಡ, ಎಲ್ಲಕ್ಕೂ ಅಡುಗೆಮನೆ ಕ್ಯಾಲೆಂಡರಿನ ಮೇಲೆ ಒಂದು ಗೀಟು; ತಿಂಗಳ ಕೊನೆಗೆ ಕೂತು ಕೂಡಿಸಿದರೆ ಲೆಕ್ಕ ಮುಗಿಯಿತು. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಆಯ ಇತ್ತು. ವಿಜಯನಗರದ ಕಾಲದಲ್ಲಿ ಊರಿಗೆ ಹನ್ನೆರಡು ಆಯಗಾರರು. ಬಡಗಿ, ಕಮ್ಮಾರ, ಅಗಸ ಮೊದಲಾದವರು ವರ್ಷವಿಡೀ ಊರಿನ ಕೆಲಸ ಮಾಡಿಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಅಳೆಸಿಕೊಂಡು ಹೋಗುವುದು. ಅದು ಹುಟ್ಟಿದ ಜಾತಿಗೆ ಕಟ್ಟಿಹಾಕಿದ್ದ ಪದ್ಧತಿ. ಒಲ್ಲೆ ಎನ್ನುವ ಸ್ವಾತಂತ್ರ್ಯ ಕೆಲಸ ಮಾಡುವವನಿಗೆ ಇರಲಿಲ್ಲ. ಹಾಗಾಗಿ ಅದು ಹೋದದ್ದಕ್ಕೆ ನನಗೇನೂ ಬೇಸರವಿಲ್ಲ. ಆದರೆ ನೇಗಿಲು ಮುರಿದ ದಿನ ರೈತ ಬಡಗಿಯನ್ನು ಹುಡುಕಿಕೊಂಡು ಅಲೆಯುತ್ತಿರಲಿಲ್ಲ, ದರ ಕುದುರಿಸುತ್ತ ಕೂರುತ್ತಿರಲಿಲ್ಲ. ಆ ನಿಶ್ಚಿಂತೆ ಇವತ್ತು ಯಾರಿಗೂ ಇಲ್ಲ. ಸರಿಯಾದ ಸಂಬಳ ಕೊಟ್ಟು ಅದನ್ನು ಮತ್ತೆ ತರಲು ಸಾಧ್ಯವಾದರೆ ಜನ ಖಂಡಿತ ದುಡ್ಡು ಕೊಡುತ್ತಾರೆ.

ನಾನು ಹದಿನಾರು ವರ್ಷದಿಂದ ಮೈಸೂರಿನಲ್ಲಿ ಮನೆ ನಿರ್ವಹಣೆಯ ಕೆಲಸ ನಡೆಸುತ್ತಿದ್ದೇನೆ. ಬಿಡಿ ರಿಪೇರಿಯಿಂದ ಶುರುವಾದದ್ದು, ಈಗ ಬಹುಪಾಲು ತಿಂಗಳ ಚಂದಾ. ಈ ಬದಲಾವಣೆಗೆ ಕಾರಣವಾದ ಒಂದು ಮನೆಯ ಕಥೆ ಹೇಳಬೇಕು.

ಒಮ್ಮೆ ಒಬ್ಬ ಅಮ್ಮನ ಮನೆಗೆ ಸಿಂಕ್ ಕಟ್ಟಿಕೊಂಡಿದೆ ಎಂದು ಹೋಗಿದ್ದೆ. ವಯಸ್ಸು ಎಪ್ಪತ್ತೈದರ ಮೇಲೆ, ಒಬ್ಬರೇ ಇದ್ದರು. ಅಡುಗೆಮನೆಯಲ್ಲಿ ಸ್ವಿಚ್ ಒತ್ತಿದೆ, ದೀಪ ಹತ್ತಲಿಲ್ಲ. "ಅದು ಹೋಗಿ ಮೂರು ತಿಂಗಳಾಯ್ತಪ್ಪ" ಎಂದರು. ಮೂರು ತಿಂಗಳು ಅವರು ಹಾಲ್‌ನಿಂದ ಬೀಳುವ ಬೆಳಕಿನಲ್ಲೇ ರಾತ್ರಿಯ ಅಡುಗೆ ಮಾಡಿಕೊಂಡಿದ್ದರು. ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಬಾಗಿಲ ಹತ್ತಿರ ತಂದು, ಕುದ್ದಿದೆಯೋ ಇಲ್ಲವೋ ನೋಡುತ್ತಿದ್ದರಂತೆ. ಮಗನಿಗೆ ಹೇಳಬಾರದಿತ್ತೇ ಎಂದೆ. "ಅಷ್ಟು ದೂರದಿಂದ ಅವನೇನು ಮಾಡ್ತಾನೆ, ಸುಮ್ನೆ ಪೇಚಾಡ್ಕೋತಾನೆ." ಪಕ್ಕದ ಮನೆಯ ಹುಡುಗನಿಗೆ? "ಹೋದ ತಿಂಗಳಷ್ಟೇ ಸಿಲಿಂಡರ್ ಹಾಕಿಕೊಡು ಅಂತ ಕರೆದಿದ್ದೆ. ಮತ್ತೆ ಮತ್ತೆ ಹ್ಯಾಗೆ ಕರೀಲಿ?"

ಟ್ಯೂಬ್‌ಲೈಟಿನ ಪಟ್ಟಿ ಬದಲಿಸಲು ನನಗೆ ಹತ್ತು ನಿಮಿಷ ಹಿಡಿಯಿತು. ಅವರ ಕೈಯಲ್ಲಿ ದುಡ್ಡಿತ್ತು, ಊರಿನಲ್ಲಿ ಎಲೆಕ್ಟ್ರಿಷಿಯನ್ ಇದ್ದ, ಅಂಗಡಿ ಬೀದಿ ಕೊನೆಯಲ್ಲೇ ಇತ್ತು. ಇಷ್ಟೆಲ್ಲ ಇದ್ದೂ ಮೂರು ತಿಂಗಳು ಕತ್ತಲು. ಅಡ್ಡ ಬಂದದ್ದು ದಾಕ್ಷಿಣ್ಯ ಒಂದೇ. ಇಷ್ಟು ಚಿಕ್ಕ ಕೆಲಸಕ್ಕೆ ಯಾರನ್ನು ಕರೆಯುವುದು, ಬಂದವರು ಏನೆಂದುಕೊಂಡಾರು, ಎಷ್ಟು ಕೊಡಬೇಕೋ, ಕಡಿಮೆ ಕೊಟ್ಟರೆ ಇನ್ನೊಮ್ಮೆ ಬರುತ್ತಾರೋ ಇಲ್ಲವೋ. ನೀವು ಮಾರಬೇಕಾದದ್ದು ಈ ದಾಕ್ಷಿಣ್ಯದಿಂದ ಬಿಡುಗಡೆಯನ್ನು. ಅದಕ್ಕಾಗಿ ನಿಮ್ಮ ಸೇವೆ ಹಾಲಿನ ವರ್ತನೆಯಂತೆ ಕರೆಯದೆ ಬರಬೇಕು. ಕರೆದರೆ ಮಾತ್ರ ಬರುವ ಸೇವೆಗೆ ತಿಂಗಳ ಚಂದಾ ಹಾಕಿದರೆ ಅದು ನಿಲ್ಲುವುದಿಲ್ಲ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಮೊದಲು ನಾನು ಮಾಡಿದ ಯೋಜನೆ ತಿಂಗಳಿಗೆ 499 ರೂಪಾಯಿ, ಎಷ್ಟು ಸಲ ಬೇಕಾದರೂ ಕರೆಯಿರಿ ಎಂಬುದು. ಕೆಲವು ಮನೆಯವರು ವಾರಕ್ಕೆ ಮೂರು ಸಲ ಕರೆದರು. ತಪ್ಪೇನಿಲ್ಲ, ನಾನೇ ಹಾಗೆ ಹೇಳಿದ್ದೆ. ಮಿಕ್ಕವರು ಕರೆಯಲೇ ಇಲ್ಲ. ಕರೆಯದೆ ಇದ್ದವರು ಮೂರನೇ ತಿಂಗಳಿಗೆ "ನಮಗೇನೂ ಉಪಯೋಗವಾಗಲಿಲ್ಲ" ಎಂದು ಬಿಟ್ಟರು. ಅಂದರೆ ಲಾಭ ಕೊಡುತ್ತಿದ್ದ ಮನೆಗಳು ಹೋದವು, ನಷ್ಟದ ಮನೆಗಳು ಉಳಿದವು. ವರ್ಷ ತುಂಬುವ ಮೊದಲೇ ಅದನ್ನು ನಿಲ್ಲಿಸಿದೆ. ಆಮೇಲೆ ತಿಂಗಳಿಗೆ ಎರಡು ಭೇಟಿ, ಇಂಥ ವಾರ, ಇಂಥ ಹೊತ್ತು ಎಂದು ಗೊತ್ತುಮಾಡಿದೆ. ಮಧ್ಯೆ ತುರ್ತಾದರೆ ಒಂದು ಕರೆ ಉಚಿತ, ಅದಕ್ಕಿಂತ ಹೆಚ್ಚಾದರೆ ಬೇರೆ ದರ. ದರ ಹೆಚ್ಚಿಸಿದರೂ ಬಿಡುವವರು ಕಡಿಮೆಯಾದರು. ಎರಡನೇ ಶನಿವಾರ ನಮ್ಮ ಹುಡುಗ ಬರುತ್ತಾನೆಂದು ಗೊತ್ತಿದ್ದಾಗ, ಆ ಅಮ್ಮ ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಹೇಗೂ ಬಂದಿದ್ದಾನಲ್ಲ, ಹೇಳಲು ಸಂಕೋಚವೇನು?

ಏನೇನು ಸೇರಿಸಬೇಕು ಎಂದು ಕೇಳಿದ್ದೀರಿ. ಪ್ಲಂಬಿಂಗ್, ಕರೆಂಟು, ಬಡಗಿ ಕೆಲಸ ಎಂದು ಕಸುಬಿನ ಹೆಸರುಗಳ ಪಟ್ಟಿ ಮಾಡಬೇಡಿ. ಸಾಗರದ ವರ್ಷವನ್ನು ಮುಂದಿಟ್ಟುಕೊಂಡು ಯಾವ ತಿಂಗಳಲ್ಲಿ ಮನೆಗೆ ಏನು ಬೇಕಾಗುತ್ತದೆ ಎಂದು ಬರೆಯಿರಿ. ಏಪ್ರಿಲ್‌ನಲ್ಲಿ ಗುಡುಗು ಸಿಡಿಲಿನ ಮಳೆ ಶುರುವಾಗುವ ಮೊದಲು ಅರ್ಥಿಂಗ್ ನೋಡಬೇಕು. ಗುಂಡಿ ಒಣಗಿದ್ದರೆ ನೀರು ಹಾಕಬೇಕು, ಟಿವಿ ಮತ್ತು ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ಗನ್ನು ಬಗ್ಗದೆ ಕೀಳಲು ಆಗುವಂತೆ ಎತ್ತರಕ್ಕೆ ತರಬೇಕು. ಅದೇ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ ಇದೆ, ಅದನ್ನು ನೆನಪಿಸಿ ಕಟ್ಟಿಸಿ. ಮೇ ತಿಂಗಳಲ್ಲಿ ಹಂಚು ಕೈಯಾಡಿಸಬೇಕು, ಅಂದರೆ ಸರಿದದ್ದನ್ನು ಕೂರಿಸಿ ಒಡೆದದ್ದನ್ನು ಬದಲಿಸಬೇಕು. ಅದು ನಿಮ್ಮ ಹುಡುಗರ ಕೆಲಸವಲ್ಲ, ಹಂಚಿನ ಮೇಲೆ ನಡೆಯಲು ಗೊತ್ತಿರುವವರೇ ಬೇಕು. ಆದರೆ ಅವರನ್ನು ಮೊದಲೇ ಗೊತ್ತುಮಾಡಿ ನಿಂತು ಮಾಡಿಸುವುದು ನಿಮ್ಮದಾಗಲಿ. ಒಡೆದ ಹಂಚು ಯಾವ ಕೋಣೆಯ ಮೇಲಿದೆ ಎಂದು ಹಿಂದಿನ ಮಳೆಗಾಲದಲ್ಲೇ ಗುರುತು ಹಾಕಿಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅಂಗಳದ ಪಾಚಿ. ಮಲೆನಾಡಿನ ಮನೆಗಳಲ್ಲಿ ವಯಸ್ಸಾದವರು ಬೀಳುವ ಜಾಗ ಗೊತ್ತೇ ಇದೆ: ಬಚ್ಚಲ ಬಾಗಿಲು, ಹಿತ್ತಿಲ ಮೆಟ್ಟಿಲು, ಬಾವಿಕಟ್ಟೆ, ತುಳಸಿಕಟ್ಟೆಯ ಸುತ್ತ. ಬ್ಲೀಚಿಂಗ್ ಪುಡಿ ಹಾಕಿ, ನೆನೆಯಲು ಬಿಟ್ಟು, ಗಟ್ಟಿ ಪೊರಕೆಯಿಂದ ಉಜ್ಜಿ ತೊಳೆಯಬೇಕು. ಹದಿನೈದು ದಿನಕ್ಕೊಮ್ಮೆಯಾದರೂ ಬೇಕು, ಬಿಟ್ಟರೆ ಮತ್ತೆ ಹಸಿರು. ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದ್ದರೆ ಒಂದೊಂದನ್ನೂ ತುಳಿದು ನೋಡಿ, ಅಲುಗುವುದನ್ನು ಬದಲಿಸಿ. ನನ್ನ ಮಟ್ಟಿಗೆ ಇದೊಂದೇ ಕೆಲಸಕ್ಕೆ ಇಡೀ ಮಳೆಗಾಲದ ಚಂದಾ ಕೊಡಬಹುದು. ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನವೆಂಬರ್ ಬಂತೆಂದರೆ ಬಹುಪಾಲು ಪಿಂಚಣಿದಾರರಿಗೆ ಜೀವಂತವಿದ್ದೇವೆಂಬ ಪ್ರಮಾಣ ಪತ್ರ ಕೊಡುವ ತಿಂಗಳು. 2014ರಲ್ಲಿ ಬೆರಳಚ್ಚು ಒತ್ತಿ ಆನ್‌ಲೈನಿನಲ್ಲೇ ಈ ಪತ್ರ ಕೊಡುವ ಜೀವನ್ ಪ್ರಮಾಣ್ ಬಂದಮೇಲೆ ಬ್ಯಾಂಕಿನ ಸಾಲು ತಪ್ಪಿತು, ಆದರೆ ವಯಸ್ಸಾದವರ ಬೆರಳಚ್ಚು ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ನಾಲ್ಕು ಸಲ ಒತ್ತಿಸಿ "ಬರ್ತಿಲ್ಲ ಅಜ್ಜಿ, ನಾಳೆ ಬನ್ನಿ" ಎಂದು ಕಳಿಸುತ್ತಾರೆ. 2021ರಿಂದ ಮುಖ ನೋಡಿ ಗುರುತಿಸುವ ವ್ಯವಸ್ಥೆ ಬಂದಿದೆ, ಮೊಬೈಲಿನಲ್ಲೇ ಮಾಡಬಹುದು. ಕಿಟಕಿಯ ಬೆಳಕು ಎದುರಿನಿಂದ ಮುಖಕ್ಕೆ ಬೀಳುವಂತೆ ಕೂರಿಸಿ. ಕೇಂದ್ರ ಸರ್ಕಾರದ ಪಿಂಚಣಿಯವರು 80 ದಾಟಿದ್ದರೆ ಅಕ್ಟೋಬರ್ 1ರಿಂದಲೇ ಕೊಡಬಹುದು. ಪಿಎಫ್‌ನವರ ಇಪಿಎಸ್ ಪಿಂಚಣಿಯಾದರೆ ನವೆಂಬರನ್ನೇ ಕಾಯಬೇಕಿಲ್ಲ. ಯಾವ ತಿಂಗಳು ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಯಾರದು ಯಾವ ಪಿಂಚಣಿ ಎಂದು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಇನ್ನು ಎಲ್ಲ ತಿಂಗಳೂ ನೋಡುವಂಥವು: ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ನೀರಿನ ಫಿಲ್ಟರ್, ಟ್ಯಾಂಕಿನ ಬಾಲ್‌ವಾಲ್ವ್, ಬಾಗಿಲ ಚಿಲಕ. ಗ್ಯಾಸಿನ ಕಡೆ ಸ್ವಲ್ಪ ಹೆಚ್ಚು ಗಮನ ಕೊಡಿ. ಸುರಕ್ಷಾ ಟ್ಯೂಬಿನ ಆಯಸ್ಸು ಐದು ವರ್ಷ, ಅದರ ಮೇಲೆಯೇ ಮುದ್ರಿಸಿರುತ್ತಾರೆ. ಆ ಅಕ್ಷರವನ್ನು ಓದಿದ ಮನೆಯವರನ್ನು ನಾನು ನೋಡಿದ್ದು ತೀರಾ ಅಪರೂಪ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರ, ಎರಡಂಕಿ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿವರೆಗೆ. ಬಿ-27 ಎಂದಿದ್ದರೆ 2027ರ ಏಪ್ರಿಲ್–ಜೂನ್ ಒಳಗೆ ಆ ಸಿಲಿಂಡರ್ ಪರೀಕ್ಷೆಗೆ ಹೋಗಬೇಕು. ಅವಧಿ ದಾಟಿದ್ದು ಬಂದರೆ ತೆಗೆದುಕೊಳ್ಳದೆ ವಾಪಸ್ ಕಳಿಸಿ.

ತೋಟದ ಔಷಧಿಯ ವಿಷಯ. ಬೇಡಿಕೆ ಇರುವುದು ನಿಜ. ಅಡಿಕೆ ಮರ ಹತ್ತುವ ಕೊನೆಗೌಡರು ಸಿಗುವುದಿಲ್ಲ, ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗ ಕಾಯುವುದಿಲ್ಲ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡುವುದು ಎಲ್ಲರಿಗೂ ಗೊತ್ತು. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕೆಂಬುದೂ ಗೊತ್ತು. ತೊಡಕಿರುವುದು ಬೇರೆ ಕಡೆ. ಇಡೀ ತಾಲ್ಲೂಕಿಗೆ ಅದು ಬೇಕಾಗುವುದು ಒಂದೇ ವಾರದಲ್ಲಿ. ಮೂವತ್ತು ತೋಟದವರ ಚಂದಾ ನಿಮ್ಮ ಹತ್ತಿರ ಇರುತ್ತದೆ, ಮಳೆ ಬಿಡುವು ಕೊಟ್ಟದ್ದು ಎರಡು ದಿನ, ಮರ ಹತ್ತುವವರು ನಾಲ್ಕು ಜನ. ಇಪ್ಪತ್ತೈದು ಮನೆಗೆ ಮಾತು ತಪ್ಪುತ್ತೀರಿ, ಆ ಮನೆಗಳ ಫಸಲು ಉದುರುತ್ತದೆ. ತಿಂಗಳ ಉದ್ದಕ್ಕೂ ಹಂಚಿಕೊಂಡು ಮಾಡಬಹುದಾದ ಕೆಲಸಕ್ಕೆ ಮಾತ್ರ ಚಂದಾ ಸರಿಹೋಗುತ್ತದೆ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಹೊಡೆಯುವವರು ತಯಾರಾಗಿದ್ದಾರೆ. ಅಂಥ ತಂಡವೊಂದು ನಿಮ್ಮದೇ ಆದ ದಿನ ಅದನ್ನು ಪ್ರತ್ಯೇಕವಾಗಿ, ಎಕರೆ ಲೆಕ್ಕದಲ್ಲಿ, ಕೈಯಲ್ಲಿರುವ ಜನಕ್ಕೆ ತಕ್ಕಷ್ಟೇ ತೋಟ ಒಪ್ಪಿಕೊಂಡು ಮಾಡಿ. ಈಗ ಬೇಡ.

ದರಕ್ಕೆ ಬರೋಣ. ಊಹೆಯ ಲೆಕ್ಕವೇ ಇರಲಿ, ನಿಮ್ಮ ಅಂಕಿ ಹಾಕಿ ತಿದ್ದಿಕೊಳ್ಳಿ. ಒಬ್ಬ ಹುಡುಗ ದಿನಕ್ಕೆ ಐದು ಮನೆ ನೋಡಬಹುದು, ತಿಂಗಳಿಗೆ 26 ದಿನ, 130 ಭೇಟಿ. ಅದರಲ್ಲಿ 30 ತುರ್ತು ಕರೆಗೆ ಬಿಡಿ. ಉಳಿದ 100ರಲ್ಲಿ ತಿಂಗಳಿಗೆ ಎರಡು ಭೇಟಿಯಂತೆ 50 ಮನೆ. ಅವನ ಸಂಬಳ 18,000, ಪೆಟ್ರೋಲ್ 4,000, ಫೋನು ಮತ್ತು ಹತಾರದ ಸವಕಳಿ 2,000, ಅವನು ರಜೆ ಹಾಕಿದ ದಿನ ಬದಲಿ ಆಳಿಗೆ 2,000, ಒಟ್ಟು 26,000. ಮನೆಗೆ 520 ಬಿತ್ತು. ನಿಮ್ಮ ಸಂಬಳ ಎಂದು 25,000 ಇಟ್ಟುಕೊಂಡರೆ ಮನೆಗೆ ಇನ್ನೂ 500. ಅಲ್ಲಿಗೆ 1,020, ಕೈಯಲ್ಲಿ ಸ್ವಲ್ಪ ಉಳಿಯಬೇಕೆಂದರೆ 1,200. ವಾರಕ್ಕೊಮ್ಮೆ ಹೋಗುವುದಾದರೆ ಅದೇ ಹುಡುಗ 25 ಮನೆ ಮಾತ್ರ ನೋಡಬಲ್ಲ, ಖರ್ಚೇ 2,040 ಬರುತ್ತದೆ. ನಿಮ್ಮ ಸಂಬಳವನ್ನು ಲೆಕ್ಕಕ್ಕೆ ಹಿಡಿಯದೆ 499ಕ್ಕೆ ಇಳಿಯಬೇಡಿ. ಹಾಗೆ ಮಾಡಿ ಆರು ತಿಂಗಳಲ್ಲಿ ಬಾಗಿಲು ಹಾಕಿದರೆ, ನಿಮ್ಮನ್ನು ನಂಬಿದ ಐವತ್ತು ಅಜ್ಜ ಅಜ್ಜಿಯರು ಮತ್ತೆ ಕತ್ತಲಲ್ಲಿ ಅಡುಗೆ ಮಾಡಬೇಕು. ಸಾಮಾನಿನ ಬೆಲೆ ಬೇರೆ, ಅಂಗಡಿಯ ಬಿಲ್ಲಿನ ಸಮೇತ ಇದ್ದಷ್ಟೇ ತೆಗೆದುಕೊಳ್ಳಿ, ಅದರಲ್ಲಿ ಲಾಭ ಇಡಬೇಡಿ. 1,200ರ 50 ಮನೆ ಎಂದರೆ ವರ್ಷಕ್ಕೆ 7,20,000. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ, ಸದ್ಯಕ್ಕೆ ಆ ತಲೆನೋವಿಲ್ಲ.

ಈ ಲೆಕ್ಕ ನಿಲ್ಲಬೇಕಾದರೆ ಮನೆಗಳು ಒತ್ತೊತ್ತಾಗಿರಬೇಕು. ಪೇಪರ್ ಹಾಕುವವರಿಗೆ ತಮ್ಮ ಲೈನ್ ಇರುತ್ತದೆ, ಲೈನ್ ಬಿಟ್ಟು ಆಚೆ ಒಂದು ಮನೆಗಾಗಿ ಸೈಕಲ್ ತುಳಿಯುವುದಿಲ್ಲ. ನೀವೂ ಒಂದು ಬಡಾವಣೆ ತುಂಬುವವರೆಗೆ ಇನ್ನೊಂದಕ್ಕೆ ಹೋಗಬೇಡಿ, ಎಷ್ಟೇ ಪರಿಚಯದವರು ಕೇಳಿದರೂ.

ಈಗ ನನಗೆ ತುಂಬ ಕಳಕಳಿಯಿರುವ ಮಾತು. ನಿಮಗೆ ದುಡ್ಡು ಕೊಡುವವನು ಮಗ, ಬಾಗಿಲು ತೆರೆಯುವವರು ತಾಯಿ. ದುಡ್ಡು ಕೊಟ್ಟವನಿಗೆ ವರದಿ ಬೇಕು. ಅಮ್ಮ ಸರಿಯಾಗಿ ಊಟ ಮಾಡುತ್ತಾಳಾ, ಮನೆ ಗುಡಿಸಿದ್ದಾಳಾ, ಮಾತ್ರೆ ತಗೊಂಡಳಾ ಎಂದು ಫೋಟೊ ಕೇಳುವ ಮಕ್ಕಳಿದ್ದಾರೆ, ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ತನ್ನ ಮನೆಯಲ್ಲಿ ತನ್ನ ಮೇಲೆಯೇ ಕಣ್ಣಿಡಲು ಒಬ್ಬ ಬರುತ್ತಾನೆ ಎಂದು ಆ ತಾಯಿಗೆ ಒಮ್ಮೆ ಅನ್ನಿಸಿದರೆ ಮುಂದಿನ ಸಲ "ಏನೂ ಕೆಲಸ ಇಲ್ಲಪ್ಪ" ಎಂದು ಗೇಟಿನಿಂದಲೇ ಕಳಿಸುತ್ತಾರೆ. ಹಾಗಾಗಿ ನಾವು ಪ್ರತಿ ಮನೆಯಲ್ಲೂ ಗೆರೆ ಹಾಕಿದ ಒಂದು ನೋಟ್‌ಬುಕ್ಕನ್ನು ಕ್ಯಾಲೆಂಡರಿನ ಮೊಳೆಗೇ ದಾರ ಕಟ್ಟಿ ತೂಗುಹಾಕುತ್ತೇವೆ. ಬಂದ ಹೊತ್ತು, ಮಾಡಿದ ಕೆಲಸ, ತಂದ ಸಾಮಾನು, ಕೊಟ್ಟ ದುಡ್ಡು, ಎಲ್ಲ ಅದರಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಮನೆಯವರು ಓದಿ ಸಹಿ ಹಾಕಿದ ಮೇಲೆ ಆ ಪುಟದ ಫೋಟೊ ಮಗನಿಗೆ ಹೋಗುತ್ತದೆ. ಅವರು ನೋಡದ್ದು ಯಾವುದೂ ಮನೆಯಿಂದ ಹೊರಗೆ ಹೋಗುವುದಿಲ್ಲ. ಮಗ ಬೇರೇನಾದರೂ ಕೇಳಿದರೆ, ಅಮ್ಮನನ್ನೇ ಕೇಳಿ ಸಾರ್ ಎಂದು ವಿನಯದಿಂದ ಹೇಳಿ. ಇದರಿಂದ ಒಂದಿಬ್ಬರು ಗ್ರಾಹಕರನ್ನು ಕಳೆದುಕೊಂಡಿದ್ದೇನೆ, ಆದರೂ ನಿಯಮ ಬದಲಿಸಿಲ್ಲ.

ಗಡಿಗಳನ್ನೂ ಮೊದಲೇ ಹೇಳಿಬಿಡಿ. ಎಟಿಎಂ ಕಾರ್ಡು, ಪಾಸ್‌ವರ್ಡು, ಒಟಿಪಿ ಮುಟ್ಟುವುದಿಲ್ಲ; ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇವೆ, ಅವರ ಪರವಾಗಿ ದುಡ್ಡು ತೆಗೆಯುವುದಿಲ್ಲ. ಮಾತ್ರೆ ತಂದುಕೊಡುತ್ತೇವೆ, ಇಂಜೆಕ್ಷನ್ ಕೊಡುವುದಿಲ್ಲ, ಡೋಸ್ ಹೇಳುವುದಿಲ್ಲ. ಎದೆನೋವು ಎಂದು ರಾತ್ರಿ ಫೋನ್ ಬಂದರೆ ಮೊದಲು 108, ಆಮೇಲೆ ನಾವು. ಹಿರಿಯರ ಸಹಾಯವಾಣಿ 14567 ಅನ್ನೂ ಅದೇ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಡಿ. ಕೆಲಸಕ್ಕೆ ಸೇರುವ ಪ್ರತಿ ಹುಡುಗನಿಗೂ ಸೇವಾ ಸಿಂಧುವಿನ ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಮಾಡಿಸಿ. ನಿಮ್ಮ ಚಿಕ್ಕಪ್ಪನ ಮಗನಾದರೂ ಸರಿ. ಮೊದಲ ಮೂರು ಭೇಟಿಗೆ ನೀವೇ ಜೊತೆಗೆ ಹೋಗಿ, ಹುಡುಗನ ಹೆಸರು ಹೇಳಿ ಪರಿಚಯಿಸಿ. ಆಮೇಲೆ ಪದೇ ಪದೇ ಆಳು ಬದಲಿಸಬೇಡಿ. ಪ್ರತಿ ಸಲ ಹೊಸ ಮುಖ ಬಂದರೆ ದಾಕ್ಷಿಣ್ಯ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ದುಡ್ಡು ಪಡೆಯಲು ಯುಪಿಐ ಆಟೋಪೇ ಸಾಕು. 2020ರಲ್ಲಿ ಬಂದದ್ದು, ಇಂಥ ಸೇವೆಗಳಿಗೆ 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಒತ್ತಬೇಕಿಲ್ಲ, ಕಡಿತವಾಗುವ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಲೇಬೇಕು. ವಿದೇಶದಲ್ಲಿರುವ ಮಕ್ಕಳಿಂದ ಮೂರು ತಿಂಗಳಿನದು ಒಟ್ಟಿಗೆ ತೆಗೆದುಕೊಳ್ಳುವುದು ಇಬ್ಬರಿಗೂ ಹಗುರ. ಬಿಡುತ್ತೇನೆ ಎಂದವರಿಗೆ ಒಂದೇ ಮೆಸೇಜಿನಲ್ಲಿ ಬಿಡಲು ಆಗಬೇಕು, ಉಳಿದ ದುಡ್ಡು ಅದೇ ವಾರ ವಾಪಸ್ ಹೋಗಬೇಕು. ಸೇರುವುದು ಸುಲಭ, ಬಿಡುವುದು ಕಷ್ಟ ಮಾಡಿ ಚಂದಾ ಕೀಳುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ, 13 ಮೋಸದ ವಿನ್ಯಾಸಗಳಲ್ಲಿ ಅದೂ ಒಂದು. ಕಾನೂನು ಹಾಗಿರಲಿ, ಸಾಗರದಂಥ ಊರಿನಲ್ಲಿ ಬಿಟ್ಟವರು ನಾಳೆ ಪೇಟೆಯಲ್ಲಿ ಎದುರಿಗೆ ಸಿಗುತ್ತಾರೆ. ಮರ್ಯಾದೆಯಿಂದ ಕಳಿಸಿದ ಮನೆ ಮತ್ತೆ ಬಂದು ಸೇರಿದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಹೆಚ್ಚಾಗಿ ಮಳೆಗಾಲ ಹಿಡಿದ ಮೇಲೆ.

ಫೆಬ್ರುವರಿಯಲ್ಲಿ ಶುರುಮಾಡಿ, ನಿಮ್ಮ ಬೀದಿಯ ಹತ್ತು ಮನೆಯಿಂದ. ಮಳೆಗೆ ಮೊದಲು ಕಲಿಯಲು ಮೂರು ತಿಂಗಳು ಸಿಗುತ್ತದೆ. ಮೊದಲ ಭೇಟಿಗೆ ಹೋದಾಗ ಯೋಜನೆ, ದರ ಎಂದು ಮಾತು ತೆಗೆಯಬೇಡಿ. ಕಾಫಿ ಕೊಟ್ಟರೆ ಕುಡಿಯಿರಿ, ಮನೆ ಒಮ್ಮೆ ನೋಡುತ್ತೇನೆ ಎಂದು ಅನುಮತಿ ಕೇಳಿ. ಜೇಬಿನಲ್ಲಿ ಎರಡು ಎಲ್‌ಇಡಿ ಬಲ್ಬು, ಒಂದು ಟೆಸ್ಟರ್ ಇರಲಿ. ಅಡುಗೆಮನೆ, ಬಚ್ಚಲು, ಹಿತ್ತಿಲ ಬಾಗಿಲು, ಒಂದೊಂದರಲ್ಲೂ ಸ್ವಿಚ್ ಒತ್ತಿ ನೋಡಿ.